ಚಿತ್ರ ತೋರಿಸಿದರೆ ಮಗು ಮಾತು ಕಲಿಯುವುದಿಲ್ಲವೇ? ಚಾರ್ಲ್ಸ್ ಬ್ಲಿಸ್ ಮತ್ತು ಅವರ ಚಿತ್ರಲಿಪಿಯ ಕಥೆ

ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ 8ನೇ ಕ್ರಾಸಿನಲ್ಲೋ ಸ್ಟೇಷನರಿ ಅಂಗಡಿಗೆ ಹೋಗಿ ಮಕ್ಕಳ ಚಾರ್ಟ್ ಕೇಳಿದರೆ, ಸುತ್ತಿಟ್ಟ ಹಾಳೆಗಳನ್ನು ಬಿಚ್ಚಿ ತೋರಿಸುತ್ತಾರೆ. ಹಣ್ಣುಗಳು, ತರಕಾರಿಗಳು, ಕಾಡುಪ್ರಾಣಿಗಳು, ವಾಹನಗಳು. ನಮ್ಮಲ್ಲಿ ಬಹಳಷ್ಟು ಜನ ಇಂಥ ಚಾರ್ಟ್ ಮುಂದೆಯೇ ಬೆಳೆದವರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಆನೆ ಎಲ್ಲಿ ಎಂದು ಕೇಳುತ್ತೇವೆ, ಮಗು ಬೆರಳಿಡುತ್ತದೆ, ನಾವು ಜಾಣಮರಿ ಎನ್ನುತ್ತೇವೆ. ಇಲ್ಲಿ ಪ್ರಶ್ನೆ ನಮ್ಮದು. ಉತ್ತರವೂ ನಮಗೆ ಮೊದಲೇ ಗೊತ್ತು. ಮಗು ನಮಗೆ ಏನನ್ನೂ ಹೇಳಲಿಲ್ಲ, ಒಂದು ಸಣ್ಣ ಪರೀಕ್ಷೆ ಬರೆಯಿತು ಅಷ್ಟೆ.

ಮಾತಾಡುವ ಮಗುವಿಗೆ ಇದರಿಂದ ನಷ್ಟವಿಲ್ಲ. ಚಾರ್ಟ್ ಮುಗಿದ ಮೇಲೆ ಅದು ತನಗೆ ಬೇಕಾದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತದೆ. ಆದರೆ ಸೆರೆಬ್ರಲ್ ಪಾಲ್ಸಿ ಇರುವ, ಅದರ ಜೊತೆಗೆ ಕಿವಿಯದೋ ಕಣ್ಣಿನದೋ ತೊಂದರೆಯೂ ಇರುವ, ಕೈಕಾಲು ಹೇಳಿದ ಮಾತು ಕೇಳದ ಮಗುವಿನ ಸ್ಥಿತಿ ಬೇರೆ. ಅದರ ತಲೆಯೊಳಗೆ ಏನಿದೆ ಎಂಬುದು ಹೊರಬರಲು ದಾರಿಯೇ ಇರುವುದಿಲ್ಲ. ಇಂಥ ಮಕ್ಕಳಿಗೆ ಚಿತ್ರಗಳ ಮೂಲಕ ಮಾತಾಡಲು ಕಲಿಸಬಹುದು. ಇದನ್ನು ಕೇಳಿದ ತಕ್ಷಣ ಅನೇಕ ಮನೆಗಳಲ್ಲಿ ಬರುವ ಮೊದಲ ಆತಂಕ ಒಂದೇ: ಚಿತ್ರದ ಅಭ್ಯಾಸವಾದರೆ ಮಗು ಸೋಮಾರಿಯಾಗಿಬಿಡುತ್ತದೆ, ಬರಬೇಕಿದ್ದ ಮಾತೂ ಬರುವುದಿಲ್ಲ.

ಈ ನಂಬಿಕೆ ಎಷ್ಟು ನಿಜ ಎಂದು ನೋಡುವ ಮೊದಲು ಒಬ್ಬ ವಿಚಿತ್ರ ಮನುಷ್ಯನ ಬದುಕನ್ನು ನೋಡೋಣ. ಅವರು ವೈದ್ಯರಲ್ಲ, ಶಿಕ್ಷಕರಲ್ಲ. ಅಂಗವಿಕಲ ಮಕ್ಕಳ ಬಗ್ಗೆ ಅವರು ಯೋಚಿಸಿದವರೂ ಅಲ್ಲ. ಆದರೂ ಮಾತು ಬಾರದ ಮಕ್ಕಳಿಗೆ ಚಿತ್ರಗಳಿಂದ ಪೂರ್ತಿ ವಾಕ್ಯ ಕಟ್ಟುವ ದಾರಿ ತೆರೆದದ್ದು ಅವರ ಕೆಲಸದಿಂದ.

ಅನೇಕ ಭಾಷೆಗಳ ಊರಿನ ಹುಡುಗ

ಚಾರ್ಲ್ಸ್ ಬ್ಲಿಸ್ ಹುಟ್ಟಿದ್ದು 1897ರ ಸೆಪ್ಟೆಂಬರ್ 5ರಂದು, ಚೆರ್ನೋವಿಟ್ಸ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಉಕ್ರೇನಿನಲ್ಲಿದೆ. ಅವರ ಹುಟ್ಟುಹೆಸರು ಕಾರ್ಲ್ ಬ್ಲಿಟ್ಸ್. ಬಡ ಯಹೂದಿ ಕುಟುಂಬ. ತಂದೆ ಕನ್ನಡಕ, ಯಂತ್ರ, ವಿದ್ಯುತ್ ಉಪಕರಣ ಹೀಗೆ ಹತ್ತಾರು ಕೆಲಸ ಬಲ್ಲವರು. ವಿದ್ಯುತ್ ಸರ್ಕ್ಯೂಟಿನ ನಕ್ಷೆಗಳನ್ನು ನೋಡಿದ ಹುಡುಗನಿಗೆ ಒಂದು ವಿಷಯ ಹೊಳೆದಿತ್ತು. ಆ ಗೆರೆ, ಆ ಚಿಹ್ನೆಗಳನ್ನು ಯಾವ ಭಾಷೆಯವನು ಓದಿದರೂ ಅರ್ಥ ಒಂದೇ.

ಚೆರ್ನೋವಿಟ್ಸಿನಲ್ಲಿ ಜರ್ಮನ್, ರುಮೇನಿಯನ್, ಉಕ್ರೇನಿಯನ್, ಯಿಡ್ಡಿಶ್, ಪೋಲಿಶ್ ಎಲ್ಲವೂ ಕೇಳಿಸುತ್ತಿದ್ದವು. ಒಬ್ಬರಿಗೊಬ್ಬರ ಮೇಲೆ ದ್ವೇಷವೂ ಇತ್ತು. ಜನ ಜಗಳವಾಡುವುದು ಭಾಷೆಯಿಂದಲೇ ಎಂದು ಬ್ಲಿಸ್ ಜೀವನಪೂರ್ತಿ ನಂಬಿದರು. ನಮಗೆ ಇಲ್ಲಿ ಸ್ವಲ್ಪ ತಕರಾರಿದೆ. ಚಾಮರಾಜಪೇಟೆಯ ಒಂದು ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕೇಳಿಸುತ್ತವೆ, ತರಕಾರಿ ಕೊಳ್ಳಲು ಹೋದ ಅಜ್ಜಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡಿ ಬರುತ್ತಾರೆ. ಭಾಷೆ ಹಲವಾದ ಮಾತ್ರಕ್ಕೆ ಯುದ್ಧವಾಗುವುದಿಲ್ಲ. ಆದರೆ ಬ್ಲಿಸ್ ಮುಂದೆ ಕಂಡದ್ದನ್ನು ನೆನೆದರೆ ಅವರ ನಂಬಿಕೆಯನ್ನು ಸುಮ್ಮನೆ ತಳ್ಳಿಹಾಕುವುದೂ ಕಷ್ಟ.

ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿ, ವಾಪಸ್ ಬಂದು, 1922ರಲ್ಲಿ ವಿಯೆನ್ನಾದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿದರು. ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿ ಮುಖ್ಯಸ್ಥರಾದರು. 1938ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾ ಹೊಕ್ಕಿತು. ಬ್ಲಿಸ್ ಅವರನ್ನು ಡಾಖಾವ್ ಸೆರೆಶಿಬಿರಕ್ಕೆ, ಅಲ್ಲಿಂದ ಬುಖೆನ್ವಾಲ್ಡ್ ಶಿಬಿರಕ್ಕೆ ಒಯ್ದರು. ಹೆಂಡತಿ ಕ್ಲೇರ್ ಜರ್ಮನ್ ಕ್ಯಾಥೊಲಿಕ್. ಆಕೆ ಕಚೇರಿಯಿಂದ ಕಚೇರಿಗೆ ಅಲೆದು, 1939ರಲ್ಲಿ ಗಂಡನನ್ನು ಬಿಡಿಸಿದರು. ಷರತ್ತು ಒಂದೇ, ದೇಶ ಬಿಡಬೇಕು.

ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿ ಜರ್ಮನ್ ವಿಮಾನಗಳ ಬಾಂಬ್ ದಾಳಿಗೆ ಬ್ಲಿಟ್ಸ್ ಎಂದೇ ಹೆಸರು ಬಿದ್ದಿತ್ತು. ಆ ಹೆಸರಿಟ್ಟುಕೊಂಡು ಲಂಡನ್ನಿನಲ್ಲಿ ಬಾಳುವುದು ಹೇಗೆ? ಬ್ಲಿಟ್ಸ್ ಹೋಗಿ ಬ್ಲಿಸ್ ಆದರು. ಇಂಗ್ಲಿಷಿನಲ್ಲಿ ಆನಂದ ಎಂದರ್ಥ. ಮುಂದೆ ಗಂಡ ಹೆಂಡತಿ ಬೇರೆ ಬೇರೆ ದಾರಿಯಲ್ಲಿ ಅರ್ಧ ಭೂಮಿ ಸುತ್ತಿ 1940ರ ಡಿಸೆಂಬರ್ 24ರಂದು ಶಾಂಘೈನಲ್ಲಿ ಮತ್ತೆ ಸೇರಿದರು. ಜಪಾನೀಯರು ಯಹೂದಿ ನಿರಾಶ್ರಿತರನ್ನು ಹೊಂಗ್‌ಕ್ಯೂ ಎಂಬ ಬಡಾವಣೆಯೊಳಗೆ ಕೂಡಿಹಾಕಿದಾಗ, ಕ್ಲೇರ್ ತಾನು ಜರ್ಮನ್ ಎಂದು ಹೇಳಿ, ಗಂಡನನ್ನು ಬಿಟ್ಟು ಹೊರಗಿರಬಹುದಿತ್ತು. ಆಕೆ ಒಳಗೇ ಹೋದರು.

ಶಾಂಘೈ ಬೀದಿಯ ಬೋರ್ಡುಗಳು

ಕೆ.ಆರ್. ಮಾರುಕಟ್ಟೆಯಲ್ಲಿ ಟೊಮೆಟೊ ರಾಶಿಯ ಮೇಲೆ 40 ಎಂದು ಬರೆದ ರಟ್ಟು ಸಿಕ್ಕಿಸಿರುತ್ತಾರೆ. ಅದನ್ನು ನಾವು ನಲವತ್ತು ಎಂದು ಓದುತ್ತೇವೆ, ಪಕ್ಕದಲ್ಲಿ ನಿಂತವರು ನಾಲ್ಪದು ಎನ್ನುತ್ತಾರೆ, ಇನ್ನೊಬ್ಬರು ಚಾಲೀಸ್ ಎನ್ನುತ್ತಾರೆ. ಬರಹ ಒಂದೇ, ಮಾತು ಬೇರೆ. ಶಾಂಘೈನಲ್ಲಿ ಚೀನೀ ಲಿಪಿ ಕಲಿಯಲು ಹೊರಟ ಬ್ಲಿಸ್‌ಗೆ ಆದದ್ದು ಇದೇ ಅನುಭವ. ಅಂಗಡಿ ಬೋರ್ಡುಗಳ ಅಕ್ಷರಗಳನ್ನು ನೋಡುತ್ತಿದ್ದ ಹಾಗೆ, ತಾನು ಅವನ್ನು ಚೀನೀ ಭಾಷೆಯಲ್ಲಿ ಓದುತ್ತಲೇ ಇಲ್ಲ, ತನ್ನ ಭಾಷೆಯಲ್ಲೇ ಓದಿಕೊಳ್ಳುತ್ತಿದ್ದೇನೆ ಎಂಬುದು ಅವರ ಗಮನಕ್ಕೆ ಬಂತು. ಹಾಗಾದರೆ ಜಗತ್ತಿಗೆಲ್ಲ ಒಂದೇ ಲಿಪಿ ಮಾಡಬಹುದಲ್ಲ?

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಚೀನೀ ಅಕ್ಷರಗಳೆಲ್ಲ ಚಿತ್ರಗಳು ಎಂದು ಅನೇಕರು ನಂಬಿದ್ದಾರೆ. ಮೂಲತಃ ಚಿತ್ರವಾಗಿದ್ದವು ಕೆಲವು ಮಾತ್ರ. ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು ಕೊಟ್ಟರೆ ಇನ್ನೊಂದು ಭಾಗ ಉಚ್ಚಾರಣೆಯ ಸುಳಿವು ಕೊಡುತ್ತದೆ. ಬ್ಲಿಸ್ ಆ ಎರಡನೆಯ ಭಾಗವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅರ್ಧ ತಪ್ಪು ತಿಳಿವಳಿಕೆಯಿಂದ ಉಪಯುಕ್ತ ವಸ್ತುವೊಂದು ಹುಟ್ಟಿತು. ವಿಜ್ಞಾನದ ಇತಿಹಾಸದಲ್ಲಿ ಇದು ಹೊಸದೇನಲ್ಲ.

ಯುದ್ಧ ಮುಗಿದ ಮೇಲೆ, 1946ರ ಜುಲೈನಲ್ಲಿ ದಂಪತಿ ಆಸ್ಟ್ರೇಲಿಯಾದ ಸಿಡ್ನಿ ತಲುಪಿದರು. ವಿಯೆನ್ನಾದ ಡಿಗ್ರಿಗೆ ಅಲ್ಲಿ ಬೆಲೆ ಇರಲಿಲ್ಲ. ಐವತ್ತರ ಹತ್ತಿರದ ಎಂಜಿನಿಯರ್ ಹಗಲು ಕೂಲಿ ಕೆಲಸ ಮಾಡಿ, ರಾತ್ರಿ ತಮ್ಮ ಚಿಹ್ನೆಗಳನ್ನು ಬರೆದರು. 1949ರಲ್ಲಿ ಪುಸ್ತಕ ಹೊರಬಂತು, ಮೂರು ಸಂಪುಟ. ಅದಕ್ಕೆ ಸೆಮ್ಯಾಂಟೋಗ್ರಫಿ ಎಂದು ಹೆಸರು, ಅಂದರೆ ಅರ್ಥದ ಬರವಣಿಗೆ.

ಅದರ ಕ್ರಮ ಸರಳ. ಸುಮಾರು ನೂರು ಮೂಲಚಿಹ್ನೆಗಳು, ಅವನ್ನು ಜೋಡಿಸಿ ಉಳಿದದ್ದೆಲ್ಲ. ಅಲೆಯಂಥ ಒಂದು ಗೆರೆ ನೀರು. ಚೌಕದ ಮೇಲೆ ಸೂರು ಹಾಕಿದರೆ ಮನೆ. ಹೃದಯದ ಆಕಾರ ಭಾವನೆ. ಹೃದಯದ ಪಕ್ಕ ಮೇಲ್ಮುಖ ಬಾಣ ಸಂತೋಷ, ಕೆಳಮುಖ ಬಾಣ ದುಃಖ. ಕುರ್ಚಿ ಮತ್ತು ನೀರು ಸೇರಿದರೆ ಟಾಯ್ಲೆಟ್. ಚಿಹ್ನೆಯ ತಲೆಯ ಮೇಲೆ ಸಣ್ಣ ಗುರುತು ಇಟ್ಟರೆ ಅದು ಕ್ರಿಯಾಪದ. ನಮ್ಮ ಕಾಗುಣಿತದ ಹಾಗೆ ಅಂದುಕೊಳ್ಳಿ, ಕ ಗೊತ್ತಿದ್ದವರಿಗೆ ಕಿ, ಕೆ, ಕೊ ಎಲ್ಲ ಹೊಸದಾಗಿ ಕಲಿಯಬೇಕಿಲ್ಲ.

ಯಾರೂ ಕೊಳ್ಳಲಿಲ್ಲ. ಕ್ಲೇರ್ ಜಗತ್ತಿನ ವಿದ್ವಾಂಸರಿಗೆ, ವಿಶ್ವವಿದ್ಯಾಲಯಗಳಿಗೆ ಸುಮಾರು 6,000 ಪತ್ರ ಕಳಿಸಿದರು. ಬಂದ ಪ್ರತಿಕ್ರಿಯೆ ಇಲ್ಲವೆನ್ನುವಷ್ಟು ಕಡಿಮೆ. 1961ರಲ್ಲಿ ಆಕೆ ತೀರಿಕೊಂಡರು. ಬ್ಲಿಸ್ ಒಬ್ಬರೇ ಉಳಿದರು. 1965ರಲ್ಲಿ ಎರಡನೆಯ ಆವೃತ್ತಿ ತಂದರು. ಈ ಸಲ ಯಾರೂ ಕದಿಯದಿರಲಿ ಎಂದು ಚಿಹ್ನೆಗಳಿಗೆ ತಮ್ಮ ಹೆಸರನ್ನೇ ಅಂಟಿಸಿದರು: ಬ್ಲಿಸ್‌ಸಿಂಬಾಲಿಕ್ಸ್.

ಟೊರೊಂಟೊದ ಮಕ್ಕಳು

1971ರಲ್ಲಿ ಕೆನಡಾದ ಟೊರೊಂಟೊ ನಗರದ ಅಂಗವಿಕಲ ಮಕ್ಕಳ ಕೇಂದ್ರವೊಂದರಲ್ಲಿ ಶರ್ಲಿ ಮೆಕ್‌ನಾಟನ್ ಎಂಬ ಶಿಕ್ಷಕಿ ಇದ್ದರು. ಅವರ ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟುವಾಗಲೋ ಅದರ ಆಸುಪಾಸಿನಲ್ಲೋ ಮೆದುಳಿಗೆ ಆದ ಪೆಟ್ಟಿನಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ ಇದು. ಮಾತಾಡಲು ನಾಲಿಗೆ, ತುಟಿ, ಗಂಟಲು, ಉಸಿರು ಎಲ್ಲ ಒಟ್ಟಿಗೆ ಕೆಲಸ ಮಾಡಬೇಕು. ಅವು ಮಾಡದಿದ್ದರೆ ಬುದ್ಧಿ ಎಷ್ಟು ಚುರುಕಾಗಿದ್ದರೂ ಮಾತು ಹೊರಡುವುದಿಲ್ಲ.

ಆ ಮಕ್ಕಳ ಎದುರಿಗಿದ್ದ ಹಲಗೆಗಳಲ್ಲಿ ಊಟ, ನೀರು, ಟಾಯ್ಲೆಟ್ ಎಂಬಂಥ ಕೆಲವೇ ಚಿತ್ರಗಳಿದ್ದವು. ಉಳಿದಂತೆ ದೊಡ್ಡವರು ಕೇಳಬೇಕು, ಮಗು ಹೌದು ಅಥವಾ ಇಲ್ಲ ಎಂದು ಸೂಚಿಸಬೇಕು. ಯಾರಿಗೂ ಹೊಳೆಯದ ಪ್ರಶ್ನೆಯ ಉತ್ತರ ಮಗುವಿನೊಳಗೇ ಉಳಿಯುತ್ತಿತ್ತು. ಈ ಮಕ್ಕಳ ಕಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಇದೆ ಎಂದು ಮೆಕ್‌ನಾಟನ್ ಮತ್ತು ಜೊತೆಗಾರರಿಗೆ ಅನ್ನಿಸುತ್ತಿತ್ತು. ಹುಡುಕುತ್ತಾ ಹೋದಾಗ ಜಗತ್ತಿನ ಚಿಹ್ನೆಗಳ ಬಗೆಗಿನ ಒಂದು ಪುಸ್ತಕದಲ್ಲಿ ಬ್ಲಿಸ್ ಹೆಸರು ಸಿಕ್ಕಿತು.

ವೀಲ್‌ಚೇರಿನ ಮುಂದೆ ಹಲಗೆ ಕಟ್ಟಿ ಅದರಲ್ಲಿ ಚೌಕಗಳನ್ನು ಮಾಡಿ ಬ್ಲಿಸ್ ಚಿಹ್ನೆಗಳನ್ನು ಬರೆದರು. ಪ್ರತಿ ಚಿಹ್ನೆಯ ಜೊತೆ ಅದರ ಇಂಗ್ಲಿಷ್ ಪದ. ಮಗು ತೋರಿಸುತ್ತದೆ, ಎದುರಿಗಿದ್ದವರು ಪದ ಓದುತ್ತಾರೆ, ಚಿಹ್ನೆ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ. ಮಕ್ಕಳು ಬೇಗ ಕಲಿತರು. ಕಲಿತದ್ದಕ್ಕಿಂತ ಮುಖ್ಯ, ಹಲಗೆಯಲ್ಲಿ ಇಲ್ಲದ್ದನ್ನು ಹೇಳಲು ಶುರುಮಾಡಿದರು. ಹಾಲೋವೀನ್ ಹಬ್ಬದ ವೇಷಕ್ಕೆ ಏನಾಗುತ್ತೀಯಾ ಎಂದು ಕೇಳಿದಾಗ ಒಂದು ಹುಡುಗಿ ಜೀವಿ, ಕುಡಿ, ರಕ್ತ, ರಾತ್ರಿ ಎಂದು ನಾಲ್ಕು ಕಡೆ ತೋರಿಸಿದಳು. ಡ್ರಾಕುಲಾ! ಆ ಪದವನ್ನು ಅವಳ ಹಲಗೆಯಲ್ಲಿ ಯಾರೂ ಬರೆದಿರಲಿಲ್ಲ.

ಚಾರ್ಟಿಗೂ ಭಾಷೆಗೂ ಇರುವ ವ್ಯತ್ಯಾಸ ಈ ಒಂದು ಉತ್ತರದಲ್ಲಿದೆ. ಚಾರ್ಟಿನಲ್ಲಿ ನಾವು ಇಟ್ಟದ್ದಷ್ಟೇ ಇರುತ್ತದೆ. ಜೋಡಿಸಲು ಬರುವ ಚಿಹ್ನೆಗಳಿದ್ದರೆ, ನಾವು ಯೋಚಿಸದೇ ಇದ್ದದ್ದನ್ನು ಮಗು ನಮಗೆ ಹೇಳಬಲ್ಲದು.

ಹಾಗಾದರೆ ಬಾಯಿಮಾತಿನ ಗತಿ?

ಟೊರೊಂಟೊದಿಂದ ಈ ಪದ್ಧತಿ ಬೇರೆ ದೇಶಗಳಿಗೆ ಹರಡಿದ ಹಾಗೆ ಹಳೆಯ ಆತಂಕವೂ ಅದರ ಜೊತೆಗೇ ಹೋಯಿತು. ಚಿತ್ರ ಕೊಟ್ಟರೆ ಮಾತು ನಿಲ್ಲುತ್ತದೆಯೇ? 2006ರಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಎಂಬ ಮೂವರು ಸಂಶೋಧಕರು ಅಲ್ಲಿಯವರೆಗಿನ 23 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿ ಆರು ಮಾತ್ರ ಗಟ್ಟಿಯಾದ ಪ್ರಯೋಗಕ್ರಮ ಅನುಸರಿಸಿದ್ದವು, ಅವುಗಳಲ್ಲಿದ್ದವರು 27 ಮಂದಿ. ಚಿತ್ರ, ಸನ್ನೆ ಅಥವಾ ಯಂತ್ರ ಬಳಸಲು ಶುರುಮಾಡಿದ್ದರಿಂದ ಅವರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. 89 ಶೇಕಡಾ ಮಂದಿಯಲ್ಲಿ ಮಾತು ಹೆಚ್ಚಾಗಿತ್ತು, ಉಳಿದವರಲ್ಲಿ ಬದಲಾವಣೆ ಇರಲಿಲ್ಲ. ಹೆಚ್ಚಳ ದೊಡ್ಡದೇನಲ್ಲ ಎಂಬುದನ್ನೂ ಹೇಳಬೇಕು. ಚಿತ್ರಫಲಕ ಮಾತು ಬರಿಸುವ ಔಷಧವಲ್ಲ. ಆದರೆ ಅದು ಮಾತಿಗೆ ಅಡ್ಡಬರುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ.

ಕಾರಣ ಯೋಚಿಸಿದರೆ ಆಶ್ಚರ್ಯವಿಲ್ಲ. ಬಾಯಲ್ಲಿ ಹೇಳಲು ಬಂದರೆ ಅದಕ್ಕಿಂತ ವೇಗದ ದಾರಿ ಬೇರೆ ಇಲ್ಲ. ಒಂದೊಂದೇ ಚಿತ್ರ ತೋರಿಸಿ ವಾಕ್ಯ ಮಾಡುವುದು ಬಹಳ ಶ್ರಮದ ಕೆಲಸ, ಸೋಮಾರಿಗಳು ಅದನ್ನು ಆರಿಸಿಕೊಳ್ಳುವುದಿಲ್ಲ. ಮಾತಿಗಾಗಿ ಕಾಯುತ್ತಾ ಕೂತರೆ ನಷ್ಟವಾಗುವುದು ಭಾಷೆ ಕಲಿಯುವ ವರ್ಷಗಳು. ಹೊಟ್ಟೆನೋವು ಎಲ್ಲಿ ಎಂದು ಹೇಳಲಾಗದ, ಯಾರೋ ಹೊಡೆದರು ಎಂದು ತಿಳಿಸಲಾಗದ, ಬೇಡ ಎನ್ನಲೂ ಆಗದ ಮಗು ಅಳುತ್ತದೆ, ಕಚ್ಚುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ಅದಕ್ಕೆ ನಾವು ಹಟ ಎಂದು ಹೆಸರಿಡುತ್ತೇವೆ.

ಇನ್ನೊಂದು ನಂಬಿಕೆಯೂ ಇದೆ, ಚಿತ್ರ ಎಲ್ಲರಿಗೂ ತಾನಾಗಿ ಅರ್ಥವಾಗುತ್ತದೆ ಎಂದು. ಬ್ಲಿಸ್ ಕೂಡ ಹೀಗೇ ನಂಬಿದ್ದರು. ಹೃದಯದ ಪಕ್ಕದ ಬಾಣವನ್ನು ಮೊದಲ ಸಲ ನೋಡಿದವರಿಗೆ ಅದು ಸಂತೋಷ ಎಂದು ಹೊಳೆಯುವುದಿಲ್ಲ, ಕಲಿಸಬೇಕು. ಬಣ್ಣದ ಸಾದಾ ಚಿತ್ರಗಳು ಇದಕ್ಕಿಂತ ಸುಲಭ. ಆದರೆ ಅವುಗಳಿಗೂ ಊರು ಇರುತ್ತದೆ. ವಿದೇಶಿ ಚಿತ್ರಗಳಲ್ಲಿ ಹಾಲು ಎಂದರೆ ಉದ್ದನೆಯ ರಟ್ಟಿನ ಡಬ್ಬಿ, ನಮ್ಮ ಮಗುವಿಗೆ ಹಾಲು ಎಂದರೆ ನಂದಿನಿಯ ನೀಲಿ ಪ್ಯಾಕೆಟ್. ಅವರಲ್ಲಿ ಆಂಟಿ ಒಬ್ಬಳೇ, ನಮ್ಮ ಮಗುವಿಗೆ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಪಕ್ಕದ ಮನೆಯ ಆಂಟಿ ಎಲ್ಲ ಬೇರೆ ಬೇರೆ ಮನುಷ್ಯರು. ಕಣ್ಣು ಸರಿಯಾಗಿ ಕಾಣದ ಮಗುವಿಗೆ ಚಿತ್ರವೇ ಕೆಲಸಕ್ಕೆ ಬಾರದೆ ಇರಬಹುದು. ಆಗ ಊಟಕ್ಕೆ ಚಮಚ, ಸ್ನಾನಕ್ಕೆ ಟವೆಲಿನ ತುಂಡು ಹೀಗೆ ಮುಟ್ಟಿ ತಿಳಿಯುವ ವಸ್ತುಗಳಿಂದ ಶುರುಮಾಡುತ್ತಾರೆ. ಬೆರಳು ತೋರಿಸಲಾಗದ ಮಗು ಕಣ್ಣಿನ ನೋಟದಿಂದ ತೋರಿಸುತ್ತದೆ, ಇಲ್ಲವೇ ನಾವು ಒಂದೊಂದಾಗಿ ತೋರಿಸುತ್ತಾ ಹೋದಾಗ ಬೇಕಾದ್ದು ಬಂದ ಕೂಡಲೇ ಒಂದು ಸದ್ದು ಮಾಡುತ್ತದೆ.

ಬ್ಲಿಸ್ ಸಿಟ್ಟು

ಟೊರೊಂಟೊದ ಸುದ್ದಿ ಸಿಡ್ನಿಗೆ ತಲುಪಿದಾಗ ಬ್ಲಿಸ್ ವಯಸ್ಸು ಎಪ್ಪತ್ತೈದರ ಹತ್ತಿರ. ಇಷ್ಟು ವರ್ಷಗಳ ನಂತರ ಯಾರೋ ತಮ್ಮ ಲಿಪಿಯಲ್ಲಿ ನಿಜವಾಗಿಯೂ ಮಾತಾಡುತ್ತಿದ್ದಾರೆ! ವಿಮಾನ ಹತ್ತಿ ಹೋದರು, ಮಕ್ಕಳನ್ನು ನೋಡಿದರು, ಮ್ಯಾಂಡೊಲಿನ್ ನುಡಿಸಿದರು. 1974ರಲ್ಲಿ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರವೂ ಬಂತು. 1976ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಗೌರವ ಪದವಿ ನೀಡಿತು.

ಆದರೆ ಸಂತೋಷ ಬಹಳ ದಿನ ಉಳಿಯಲಿಲ್ಲ. ಶಿಕ್ಷಕಿಯರ ಪಾಲಿಗೆ ಚಿಹ್ನೆಗಳು ಇಂಗ್ಲಿಷ್ ಓದು ಬರಹಕ್ಕೆ ಒಂದು ಸೇತುವೆ. ಮಗುವಿಗೆ ಅನುಕೂಲವಾಗುವಂತೆ ಹೊಸ ಚಿಹ್ನೆ ಸೇರಿಸಿದರು, ಹಳೆಯದನ್ನು ಸ್ವಲ್ಪ ತಿದ್ದಿದರು. ಬ್ಲಿಸ್ ಕಣ್ಣಿನಲ್ಲಿ ಇದು ಅಪಚಾರ. ಯುದ್ಧಗಳನ್ನೇ ನಿಲ್ಲಿಸಬೇಕಾದ ಲಿಪಿಯನ್ನು ಇವರು ಒಂದು ಭಾಷೆಯ ಊರುಗೋಲು ಮಾಡಿಬಿಟ್ಟರು ಎಂಬ ಸಿಟ್ಟು. ಯಾವ ಚಿಹ್ನೆಗೆ ಯಾವ ಅರ್ಥ ಎಂದು ಹೇಳುವ ಹಕ್ಕು ತಮ್ಮೊಬ್ಬರದೇ ಎಂದು ಹಟ ಹಿಡಿದರು. ಪತ್ರಗಳ ಮೇಲೆ ಪತ್ರ ಬರೆದರು, ಕೋರ್ಟಿನ ಬೆದರಿಕೆ ಹಾಕಿದರು.

ಅವರನ್ನು ಕೇವಲ ಕಿರುಕುಳದ ಮುದುಕ ಎಂದು ನೋಡುವುದು ಸುಲಭ. ನಾವು ಹಾಗೆ ನೋಡಲಾರೆವು. ಸೆರೆಶಿಬಿರದಿಂದ ಹೊರಬಂದು, ಹೆಂಡತಿಯ ಸಾವಿರಾರು ಪತ್ರಗಳು ವ್ಯರ್ಥವಾದದ್ದನ್ನು ಕಂಡು, ಎರಡು ದಶಕಕ್ಕೂ ಹೆಚ್ಚು ಕಾಲ ಯಾರೂ ಕೇಳದ ಮಾತನ್ನು ಹೇಳುತ್ತಾ ಬಂದ ಮನುಷ್ಯ ಅವರು. ಆದರೂ ಈ ಜಗಳದಲ್ಲಿ ತಪ್ಪು ಅವರದೇ. ಭಾಷೆಯನ್ನು ಬಳಸುವವರು ಅದನ್ನು ಬದಲಾಯಿಸಿಯೇ ತೀರುತ್ತಾರೆ. ಮಕ್ಕಳು ಅವರ ಲಿಪಿಯನ್ನು ಬದಲಾಯಿಸಿದ್ದು ಅದು ನಿಜವಾದ ಭಾಷೆಯಾಯಿತು ಎಂಬುದಕ್ಕೆ ಸಾಕ್ಷಿಯಾಗಿತ್ತು, ಆ ಸಾಕ್ಷಿ ಕಣ್ಣೆದುರಿಗಿದ್ದರೂ ಅವರಿಗೆ ಕಾಣಲಿಲ್ಲ.

ಕೊನೆಗೆ ಟೊರೊಂಟೊದ ಕಡೆಯವರು ಹಣ ಕೊಟ್ಟು ರಾಜಿ ಮಾಡಿಕೊಂಡರು. ಮಾತಿನ ತೊಂದರೆ ಇರುವವರಿಗಾಗಿ ಈ ಚಿಹ್ನೆಗಳನ್ನು ಬಳಸುವ ಶಾಶ್ವತ ಹಕ್ಕು 1982ರಲ್ಲಿ ಅಲ್ಲಿನ ಸಂಸ್ಥೆಗೆ ಸಿಕ್ಕಿತು. 1985ರ ಜುಲೈ 13ರಂದು ಬ್ಲಿಸ್ ಸಿಡ್ನಿಯಲ್ಲಿ ತೀರಿಕೊಂಡರು. ಅವರ ಪದಕೋಶದಲ್ಲಿ ಈಗ 5,000ಕ್ಕೂ ಹೆಚ್ಚು ಚಿಹ್ನೆಗಳಿವೆ, ಅವುಗಳಲ್ಲಿ ಅನೇಕವನ್ನು ಅವರು ನೋಡಿಯೂ ಇರಲಿಲ್ಲ.

ಬಸವನಗುಡಿಯ ಮಗುವಿನ ಫಲಕ

ಇಂದು ಬ್ಲಿಸ್ ಚಿಹ್ನೆಗಳನ್ನೇ ಬಳಸುವ ಮಕ್ಕಳು ಕಡಿಮೆ. ಸುಲಭವಾದ ಬಣ್ಣದ ಚಿತ್ರಗಳು, ಮುಟ್ಟಿದರೆ ಧ್ವನಿ ಬರುವ ಟ್ಯಾಬ್ಲೆಟ್ ಆ್ಯಪ್‌ಗಳು ಅವುಗಳ ಜಾಗಕ್ಕೆ ಬಂದಿವೆ. ಸ್ಪೇನಿನ ಅರಾಸಾಕ್ ಎಂಬ ಸಂಗ್ರಹದ ಚಿತ್ರಗಳು ಎಲ್ಲರಿಗೂ ಉಚಿತ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನ ಎಂಬ ಪದವನ್ನು ವಿವರಿಸುವಾಗ ಇಂಥ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಚಿತ್ರ ತೋರಿಸಿ ಹೇಳಿದ್ದೂ ಕಾನೂನಿನ ಪ್ರಕಾರ ಹೇಳಿದ್ದೇ.

ಮನೆಯಲ್ಲಿ ಶುರುಮಾಡುವವರು ಸಾಮಾನ್ಯವಾಗಿ ಹೆಸರುಗಳ ಚಿತ್ರವನ್ನೇ ತುಂಬುತ್ತಾರೆ: ಇಡ್ಲಿ, ಬಾಳೆಹಣ್ಣು, ಚೆಂಡು. ಅವುಗಳಿಂದ ಮಗು ಕೇಳಿ ಪಡೆಯಬಹುದು, ಹೆಚ್ಚೇನೂ ಹೇಳಲಾಗುವುದಿಲ್ಲ. ಬೇಕು, ಬೇಡ, ಇನ್ನೂ, ಸಾಕು, ಹೋಗು, ಬಾ, ನೋವು, ಯಾರು, ಎಲ್ಲಿ, ನನ್ನದು ಎಂಬಂಥ ಪದಗಳು ಫಲಕದಲ್ಲಿರಲಿ. ಮಗು ತೋರಿಸಲಿ ಎಂದು ಕಾಯುವ ಮೊದಲು ನಾವೇ ಮಾತಾಡುತ್ತಾ ತೋರಿಸಬೇಕು, ಪುಟ್ಟ ಮಗುವಿನ ಜೊತೆ ಅದು ಮಾತಾಡುವ ಮೊದಲೇ ನಾವು ತಿಂಗಳುಗಟ್ಟಲೆ ಮಾತಾಡಿರುತ್ತೇವಲ್ಲ, ಹಾಗೆ. ತೋರಿಸಿದ ಮೇಲೆ ಸುಮ್ಮನೆ ಕಾಯಬೇಕು. ಕೈ ಹಿಡಿತದಲ್ಲಿಲ್ಲದ ಮಗುವಿಗೆ ಒಂದು ಚೌಕ ತಲುಪಲು ಅರ್ಧ ನಿಮಿಷವೂ ಬೇಕಾಗಬಹುದು. ಅಷ್ಟರಲ್ಲಿ ನಾವು ಊಹಿಸಿ ಉತ್ತರ ಹೇಳಿಬಿಟ್ಟರೆ ಅದರ ವಾಕ್ಯವನ್ನು ಕಿತ್ತುಕೊಂಡ ಹಾಗೆ.

ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ. ಯಾವ ವಿದೇಶಿ ಚಿತ್ರಸಂಗ್ರಹದಲ್ಲೂ ಪರಿಷೆಯ ಚಿತ್ರ ಸಿಗುವುದು ಅನುಮಾನ. ಫಲಕದಲ್ಲಿ ಬಸವ, ಕಡಲೆಕಾಯಿ, ತುಂಬಾ, ಜನ, ಹೋಗು ಇದ್ದರೆ ಸಾಕು. ಎಷ್ಟು ವಯಸ್ಸಿಗೆ ಶುರುಮಾಡಬೇಕು, ಕಣ್ಣೋ ಕೈಯೋ ಸ್ವಿಚ್ಚೋ, ಎಷ್ಟು ದೊಡ್ಡ ಚಿತ್ರ ಎಂಬುದನ್ನೆಲ್ಲ ನಿರ್ಧರಿಸಲು ಸ್ಪೀಚ್ ಥೆರಪಿಸ್ಟ್ ನೆರವು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕಾಗಿಯೇ ಒಂದು ವಿಭಾಗವಿದೆ. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ. ಮಗು ಇನ್ನೂ ಚಿಕ್ಕದು, ಮಾತು ಬರುತ್ತದೋ ನೋಡಿಕೊಂಡು ಆಮೇಲೆ ಹೋಗೋಣ ಎಂದು ತಡಮಾಡಬೇಕಿಲ್ಲ. ಬಾಯಿಮಾತಿನ ಅಭ್ಯಾಸ ಮತ್ತು ಚಿತ್ರಫಲಕ ಎರಡನ್ನೂ ಒಟ್ಟಿಗೇ ನಡೆಸಬಹುದು.